ಜೆಟ್ ಚಾಲಿತ ದೋಣಿಗಳಲ್ಲಿ ಶಕ್ತಿ ಕುಂದುವಿಕೆ: ಕಾರಣಗಳು, ಪತ್ತೆ ವಿಧಾನ ಮತ್ತು ಪರಿಹಾರ

(ಯಾಂತ್ರಿಕ ದೋಣಿಗಳ ತಪಾಸಣೆ ಹಾಗೂ ನೋಂದಣಿಗೆ ಅರ್ಜಿ ಸಲ್ಲಿಸುವ ಮಾಲೀಕರು, ಜಲಕ್ರೀಡಾ ಕೇಂದ್ರಗಳ ನಿರ್ವಾಹಕರು ಮತ್ತು ಚಾಲಕರ ಮಾಹಿತಿಗಾಗಿ)

1. ಪೀಠಿಕೆ

ರಾಜ್ಯದ ಕರಾವಳಿ, ಅಳಿವೆಗಳು ಮತ್ತು ಜಲಾಶಯಗಳಲ್ಲಿ ಪ್ರವಾಸ ಹಾಗೂ ಜಲಕ್ರೀಡೆಗಾಗಿ ಜೆಟ್ ಚಾಲಿತ ದೋಣಿಗಳನ್ನು ಮತ್ತು ಜೆಟ್ ಸ್ಕೀಗಳನ್ನು ಬಳಸಲಾಗುತ್ತಿದೆ. ತಳದ ಹೊರಗೆ ತಿರುಗುವ ಪ್ರೊಪೆಲ್ಲರ್ ಇಲ್ಲದಿರುವುದರಿಂದ ಇವು ಕಡಿಮೆ ಆಳದ ನೀರಿನಲ್ಲಿಯೂ ಸಂಚರಿಸಬಲ್ಲವು. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಅವರು 1950ರ ದಶಕದಲ್ಲಿ ಆ ದೇಶದ ಆಳವಿಲ್ಲದ ನದಿಗಳಿಗಾಗಿಯೇ ಈ ವ್ಯವಸ್ಥೆಯನ್ನು ಬಳಕೆಗೆ ಯೋಗ್ಯವಾಗುವಂತೆ ರೂಪಿಸಿದರು. 1977ರಲ್ಲಿ ಎಡ್ಮಂಡ್ ಹಿಲರಿ ಅವರ ತಂಡವು ಬಂಗಾಳ ಕೊಲ್ಲಿಯಿಂದ ಗಂಗಾ ನದಿಯಲ್ಲಿ ಹಿಮಾಲಯದತ್ತ ಕೈಗೊಂಡ ಯಾತ್ರೆಯಲ್ಲಿ ಜೆಟ್ ದೋಣಿಗಳನ್ನೇ ಬಳಸಿತ್ತು.

ಇಂತಹ ದೋಣಿಯ ಶಕ್ತಿ ಕುಂದಿದಾಗ ವೇಗ ಕಡಿಮೆಯಾಗುವುದರ ಜೊತೆಗೆ ದಿಕ್ಕಿನ ಮೇಲಿನ ಹಿಡಿತವೂ ತಪ್ಪುತ್ತದೆ. ಆದ್ದರಿಂದ ಇದನ್ನು ದುರಸ್ತಿ ವೆಚ್ಚದ ವಿಷಯವಾಗಿ ಮಾತ್ರ ಕಾಣದೆ, ಪ್ರಯಾಣಿಕರ ಸುರಕ್ಷತೆಯ ವಿಷಯವಾಗಿ ಪರಿಗಣಿಸತಕ್ಕದ್ದು.

2. ಜೆಟ್ ವ್ಯವಸ್ಥೆಯು ಕಾರ್ಯ ನಿರ್ವಹಿಸುವ ವಿಧಾನ

ದೋಣಿಯ ತಳದಲ್ಲಿರುವ ಜಾಲರಿಯ ಮೂಲಕ ನೀರು ಪಂಪಿನ ಒಳಗೆ ಬರುತ್ತದೆ. ಎಂಜಿನ್ನಿನಿಂದ ತಿರುಗುವ ಇಂಪೆಲ್ಲರ್ ಆ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಇಂಪೆಲ್ಲರ್‌ನ ಸುತ್ತಲೂ ಇರುವ ಬಳೆಯಾಕಾರದ ಭಾಗಕ್ಕೆ ವೇರ್ ರಿಂಗ್ ಎಂದು ಹೆಸರು. ಇವೆರಡರ ನಡುವಿನ ಅಂತರವು ಬಹಳ ಕಿರಿದಾಗಿರುತ್ತದೆ. ಅನಂತರ ನೀರು ಸ್ಥಿರ ರೆಕ್ಕೆಗಳ ನಡುವೆ ಹಾದು, ಕಿರಿದಾದ ನಾಜಲ್ ಮೂಲಕ ರಭಸವಾಗಿ ಹೊರಚಿಮ್ಮುತ್ತದೆ. ಈ ಧಾರೆಯ ಪ್ರತಿಕ್ರಿಯೆಯಿಂದ ದೋಣಿ ಮುಂದೆ ಸಾಗುತ್ತದೆ. ನಾಜಲ್ ಅನ್ನು ಎಡಕ್ಕೆ ಅಥವಾ ಬಲಕ್ಕೆ ತಿರುಗಿಸಿದಾಗ ದೋಣಿ ತಿರುಗುತ್ತದೆ. ಧಾರೆಗೆ ಅಡ್ಡಲಾಗಿ ಬಕೆಟ್ ಇಳಿಸಿದಾಗ ದೋಣಿ ಹಿಂದಕ್ಕೆ ಚಲಿಸುತ್ತದೆ.

ಬಹುತೇಕ ಜೆಟ್ ದೋಣಿಗಳಿಗೆ ಚುಕ್ಕಾಣಿಯ ಹಲಗೆ ಇರುವುದಿಲ್ಲ. ಧಾರೆ ನಿಂತರೆ ತಿರುಗಿಸುವ ಶಕ್ತಿಯೂ ಇಲ್ಲವಾಗುತ್ತದೆ. ಎದುರಿಗೆ ಅಡಚಣೆ ಕಂಡೊಡನೆ ಗಾಬರಿಯಿಂದ ಥ್ರಾಟಲ್ ಪೂರ್ತಿ ಬಿಟ್ಟು ಹ್ಯಾಂಡಲ್ ತಿರುಗಿಸುವ ಚಾಲಕನ ದೋಣಿಯು ಹಳೆಯ ದಿಕ್ಕಿನಲ್ಲೇ ಜಾರುತ್ತಾ ಸಾಗುವುದು ಈ ಕಾರಣದಿಂದಲೇ. ಚಾಲನೆಯ ನಡುವೆ ಎಂಜಿನ್ ತಾನಾಗಿಯೇ ನಿಂತರೂ ಇದೇ ಪರಿಣಾಮ ಉಂಟಾಗುತ್ತದೆ.

3. ನೀರಿನ ಮೇಲೆ ಶಕ್ತಿ ಕುಂದಿದಾಗ ಕೈಗೊಳ್ಳಬೇಕಾದ ತಕ್ಷಣದ ಕ್ರಮಗಳು

(ಅ) ಎಂಜಿನ್ ಚಾಲನೆಯಲ್ಲಿದ್ದರೆ, ಉಳಿದ ಶಕ್ತಿಯಲ್ಲಿ ಈಜುಗಾರರು, ಬಂಡೆಗಳು ಮತ್ತು ಇತರ ದೋಣಿಗಳಿಂದ ದೂರ ಸರಿಯುವುದು.
(ಆ) ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸಿ ಕುಳಿತಿರುವುದನ್ನು ಖಚಿತಪಡಿಸಿಕೊಳ್ಳುವುದು.
(ಇ) ಅಳಿವೆಯಲ್ಲಿ ಅಥವಾ ಅಲೆ ಒಡೆಯುವ ಸ್ಥಳದ ಸಮೀಪದಲ್ಲಿ ಎಂಜಿನ್ ನಿಂತರೆ ಮೊದಲು ಲಂಗರು ಹಾಕುವುದು. ದೋಷ ಹುಡುಕುವ ಕಾರ್ಯ ಅನಂತರದ್ದು.
(ಈ) ಕಿಲ್ ಸ್ವಿಚ್‌ನ ದಾರ ಕಳಚಿದೆಯೇ ಎಂದು ನೋಡುವುದು. ಎಂಜಿನ್ ಹಠಾತ್ತನೆ ನಿಲ್ಲಲು ಇದೂ ಒಂದು ಸಾಮಾನ್ಯ ಕಾರಣ.
(ಉ) ಪೆಟ್ರೋಲ್ ವಾಸನೆ ಬಂದಲ್ಲಿ ಮರುಚಾಲನೆಗೆ ಪ್ರಯತ್ನಿಸಕೂಡದು. ಎಂಜಿನ್ ಕೋಣೆಯ ಮುಚ್ಚಳ ತೆರೆದು, ಆವಿ ಪೂರ್ತಿ ಹೊರಹೋಗಲು ಬಿಡತಕ್ಕದ್ದು.
(ಊ) ಸಹಾಯ ಬೇಕಿದ್ದಲ್ಲಿ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು. ಸಮುದ್ರದಲ್ಲಿದ್ದರೆ ತಟರಕ್ಷಣಾ ಪಡೆಯ ಉಚಿತ ಸಂಖ್ಯೆ 1554 ಅಥವಾ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಬಳಸುವುದು.

4. ದೋಷ ಎಲ್ಲಿದೆ? ಮೊದಲ ಪರೀಕ್ಷೆ

ಶಕ್ತಿ ಕುಂದಿದೊಡನೆ ಎಂಜಿನ್ ಬಿಚ್ಚಿಸುವುದು ಅನೇಕರ ರೂಢಿ. ಇದರಿಂದ ಹಣ ಮತ್ತು ಸಮಯ ವ್ಯರ್ಥವಾಗುವ ಸಂಭವವಿದೆ. ದೋಷವು ಎಂಜಿನ್ನಿನಲ್ಲಿದೆಯೇ, ಪಂಪಿನಲ್ಲಿದೆಯೇ ಅಥವಾ ದೋಣಿಯ ಒಡಲಿನಲ್ಲಿದೆಯೇ ಎಂಬುದನ್ನು ಎರಡು ಅಂಕಿಗಳಿಂದ ಬಹುಮಟ್ಟಿಗೆ ತಿಳಿಯಬಹುದು. ಮೊದಲನೆಯದು ಎಂಜಿನ್ನಿನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಎರಡನೆಯದು ದೋಣಿಯ ವೇಗ.

ಪ್ರೊಪೆಲ್ಲರ್ ದೋಣಿಯಲ್ಲಿ ಭಾರ ಹೆಚ್ಚಿದರೆ ಆರ್‌ಪಿಎಂ ಇಳಿಯುತ್ತದೆ. ಜೆಟ್ ದೋಣಿಯಲ್ಲಿ ಹಾಗಾಗುವುದಿಲ್ಲ. ದೋಣಿ ಖಾಲಿಯಿರಲಿ, ತುಂಬಿರಲಿ, ಪಂಪು ಸುಸ್ಥಿತಿಯಲ್ಲಿದ್ದರೆ ನಿರ್ದಿಷ್ಟ ಆರ್‌ಪಿಎಂಗೆ ಬೇಕಾಗುವ ಶಕ್ತಿಯು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಪೂರ್ಣ ಥ್ರಾಟಲ್‌ನಲ್ಲಿ ಸಿಗುವ ಆರ್‌ಪಿಎಂ ಎಂಜಿನ್ನಿನ ಆರೋಗ್ಯವನ್ನು ನೇರವಾಗಿ ತೋರಿಸುತ್ತದೆ.

ಆರ್‌ಪಿಎಂನಲ್ಲಿನ ಸಣ್ಣ ಇಳಿಕೆಯನ್ನೂ ಅಲಕ್ಷಿಸಬಾರದು. ಪಂಪು ಬಳಸುವ ಶಕ್ತಿಯು ಆರ್‌ಪಿಎಂನ ಘನಕ್ಕೆ ಅನುಗುಣವಾಗಿರುತ್ತದೆ. ಆರ್‌ಪಿಎಂ ಶೇ. 10ರಷ್ಟು ಇಳಿದರೆ ಎಂಜಿನ್ ನೀಡುತ್ತಿರುವ ಶಕ್ತಿ ಸುಮಾರು ಶೇ. 27ರಷ್ಟು ಇಳಿದಿದೆ ಎಂದರ್ಥ.

ಪರೀಕ್ಷೆಯನ್ನು ಪ್ರಯಾಣಿಕರಿಲ್ಲದೆ, ಜನಸಂಚಾರವಿಲ್ಲದ ವಿಶಾಲ ನೀರಿನಲ್ಲಿ ಕೈಗೊಳ್ಳತಕ್ಕದ್ದು. 2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ ಎಂಜಿನ್ ಪರೀಕ್ಷೆಯಲ್ಲಿದ್ದ ವೇಗದ ದೋಣಿಯೊಂದು ನಿಯಂತ್ರಣ ತಪ್ಪಿ ಪ್ರಯಾಣಿಕರ ದೋಣಿಗೆ ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಯಾವ ವಿಧದ ದೋಣಿಯೇ ಆಗಲಿ, ಪರೀಕ್ಷಾ ಚಾಲನೆಯ ಸ್ಥಳದ ಆಯ್ಕೆ ಎಷ್ಟು ಮುಖ್ಯವೆಂಬುದಕ್ಕೆ ಈ ಘಟನೆ ನಿದರ್ಶನ.

ಪೂರ್ಣ ಥ್ರಾಟಲ್‌ನಲ್ಲಿ ಅಲ್ಪಕಾಲ ಸಾಗಿ ಎರಡೂ ಅಂಕಿಗಳನ್ನು ಬರೆದುಕೊಳ್ಳುವುದು. ವೇಗವನ್ನು ಜಿಪಿಎಸ್ ಮೂಲಕ ಅಳೆಯಬಹುದು. ಪ್ರವಾಹ ಹಾಗೂ ಗಾಳಿಯ ಪ್ರಭಾವ ಸರಿದೂಗಿಸಲು ಎರಡೂ ದಿಕ್ಕಿನಲ್ಲಿ ಸಾಗಿ ಸರಾಸರಿ ತೆಗೆಯುವುದು. ಅನಂತರ ಈ ಅಂಕಿಗಳನ್ನು ತಯಾರಕರ ಕೈಪಿಡಿಯೊಂದಿಗೆ ಅಥವಾ ದೋಣಿ ಸುಸ್ಥಿತಿಯಲ್ಲಿದ್ದಾಗಿನ ದಾಖಲೆಯೊಂದಿಗೆ ಹೋಲಿಸಿ ಕೆಳಕಂಡಂತೆ ತೀರ್ಮಾನಿಸಬಹುದು.

- ಆರ್‌ಪಿಎಂ ಎಂದಿಗಿಂತ ಹೆಚ್ಚು, ವೇಗ ಕಡಿಮೆ: ದೋಷ ಪಂಪಿನಲ್ಲಿದೆ (ಕಂಡಿಕೆ 5).
- ಆರ್‌ಪಿಎಂ ಎಂದಿನಂತೆ, ವೇಗ ಕಡಿಮೆ: ದೋಣಿಯ ಒಡಲು, ಭಾರ ಅಥವಾ ಬಕೆಟ್ ಪರಿಶೀಲಿಸಬೇಕು (ಕಂಡಿಕೆ 6).
- ಆರ್‌ಪಿಎಂ ಮತ್ತು ವೇಗ ಎರಡೂ ಕಡಿಮೆ: ದೋಷ ಬಹುತೇಕ ಎಂಜಿನ್ನಿನಲ್ಲಿದೆ (ಕಂಡಿಕೆ 7).
- ಮೊದಲು ಸರಿಯಿದ್ದು ಕೆಲ ನಿಮಿಷಗಳ ನಂತರ ಎರಡೂ ಇಳಿಯುವುದು: ಇಂಧನ ಪೂರೈಕೆ ಅಥವಾ ಅತಿಯಾದ ಬಿಸಿ (ಕಂಡಿಕೆ 7).

ಇದಕ್ಕೊಂದು ಅಪವಾದವಿದೆ. ಹಗ್ಗ ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡರೆ, ಪಂಪಿನ ದೋಷವೇ ಆದರೂ ಆರ್‌ಪಿಎಂ ಇಳಿಯಬಹುದು. ಆದ ಕಾರಣ ಯಾವುದೇ ಸಂದರ್ಭದಲ್ಲಿ ಜಾಲರಿ ಮತ್ತು ಶಾಫ್ಟನ್ನು ಮೊದಲು ನೋಡುವುದು ಲೇಸು. ಈ ಪರಿಶೀಲನೆಗೆ ವೆಚ್ಚವೂ ಇಲ್ಲ.

5. ಪಂಪಿನ ದೋಷಗಳು

5.1 ಜಾಲರಿ ಕಟ್ಟಿಕೊಳ್ಳುವುದು: ಜಲಾಶಯಗಳಲ್ಲಿ ಅಂತರಗಂಗೆಯಂತಹ ಜಲಕಳೆಗಳು, ಬಂದರು ಮತ್ತು ಅಳಿವೆಗಳಲ್ಲಿ ನೈಲಾನ್ ಹಗ್ಗ, ಬಲೆಯ ತುಂಡು ಹಾಗೂ ಪ್ಲಾಸ್ಟಿಕ್ ಚೀಲಗಳು ಜಾಲರಿಗೆ ಸಿಲುಕುತ್ತವೆ. ಪಂಪಿಗೆ ಸಾಕಷ್ಟು ನೀರು ದೊರೆಯದೆ ಎಂಜಿನ್ ಬರಿದೇ ಅಬ್ಬರಿಸುತ್ತದೆ. ದೋಣಿ ಅದುರುವುದು ಇದರ ಮತ್ತೊಂದು ಲಕ್ಷಣ. ಎಂಜಿನ್ ನಿಲ್ಲಿಸಿ ದೋಣಿಯನ್ನು ಸ್ವಲ್ಪ ಅಲುಗಾಡಿಸಿದರೆ ಸಡಿಲವಾದ ಕಳೆ ತಾನಾಗಿ ಕೆಳಗುದುರುವುದುಂಟು. ಕೈಯಿಂದ ತೆಗೆಯಬೇಕಾದಲ್ಲಿ ಎಂಜಿನ್ ನಿಲ್ಲಿಸಿ, ಕೀಲಿ ಮತ್ತು ಕಿಲ್ ಸ್ವಿಚ್ ದಾರ ಎರಡನ್ನೂ ತೆಗೆದಿಟ್ಟುಕೊಂಡ ನಂತರವೇ ಕೈ ಹಾಕತಕ್ಕದ್ದು. ಚಾಲನೆಯಲ್ಲಿರುವ ಪಂಪಿನ ಸಮೀಪ ಬಿಚ್ಚಿದ ಉದ್ದ ಕೂದಲು, ದುಪ್ಪಟ್ಟಾ ಅಥವಾ ಸೀರೆಯ ಸೆರಗು ಜಾಲರಿಯೊಳಗೆ ಸೆಳೆಯಲ್ಪಡುವ ಅಪಾಯವಿರುವುದರಿಂದ ಯಾರನ್ನೂ ನೀರಿಗಿಳಿಸಕೂಡದು.

5.2 ಇಂಪೆಲ್ಲರ್ ಮತ್ತು ವೇರ್ ರಿಂಗ್ ಸವೆತ: ಮರಳು ದಿಬ್ಬಗಳ ಮೇಲೆ ಅಥವಾ ದಡಕ್ಕೆ ತೀರಾ ಸಮೀಪ ದೋಣಿ ಓಡಿಸಿದರೆ ಮರಳು ಹಾಗೂ ಸಣ್ಣ ಕಲ್ಲುಗಳು ಪಂಪಿನೊಳಗೆ ಹೋಗುತ್ತವೆ. ಇದರಿಂದ ಇಂಪೆಲ್ಲರ್‌ನ ಅಂಚು ಮೊಂಡಾಗಿ, ವೇರ್ ರಿಂಗ್‌ನಲ್ಲಿ ಗೀರುಗಳು ಬಿದ್ದು, ನಡುವಿನ ಅಂತರ ಹಿಗ್ಗುತ್ತದೆ. ನೀರು ಹಿಂದಕ್ಕೆ ಹೋಗುವ ಬದಲು ಆ ಸಂದಿನಲ್ಲಿ ಸೋರುತ್ತದೆ. ನಿಂತಲ್ಲಿಂದ ಹೊರಡುವಾಗ ದೋಣಿ ತಡವರಿಸುವುದು ಇದರ ಮೊದಲ ಸೂಚನೆ. ಅಂತರವನ್ನು ಫೀಲರ್ ಗೇಜ್‌ನಿಂದ ಅಳೆದು, ಕೈಪಿಡಿಯ ಮಿತಿಯನ್ನು ಮೀರಿದ್ದಲ್ಲಿ ರಿಂಗ್ ಬದಲಾಯಿಸಬೇಕು. ಅನೇಕ ಮಾದರಿಗಳಲ್ಲಿ ಎಂಜಿನ್ನಿಗೆ ಕೈ ಹಚ್ಚದೆಯೇ ಈ ಬದಲಾವಣೆ ಸಾಧ್ಯ.

5.3 ಗಾಳಿ ಸೇರುವುದು: ಪಂಪು ಮತ್ತು ಒಡಲು ಸೇರುವ ಜಾಗದ ಸೀಲ್ ಹಾಳಾದರೆ ನೀರಿನೊಂದಿಗೆ ಗಾಳಿಯೂ ಬರುತ್ತದೆ. ಇಂಪೆಲ್ಲರ್ ಆಗಾಗ ಹಿಡಿತ ಕಳೆದುಕೊಂಡು ಆರ್‌ಪಿಎಂ ಏರಿಳಿಯುತ್ತದೆ. ಜಾಲರಿ, ಇಂಪೆಲ್ಲರ್ ಎರಡೂ ಸರಿಯಿದ್ದರೂ ಈ ಲಕ್ಷಣ ಕಂಡುಬಂದರೆ ಸೀಲ್‌ಗಳನ್ನು ಪರಿಶೀಲಿಸತಕ್ಕದ್ದು.

6. ಒಡಲು, ಭಾರ ಮತ್ತು ಬಕೆಟ್

(ಅ) ತಳದ ಮುಚ್ಚಳ ಸಡಿಲಗೊಂಡು ಒಳಗೆ ನೀರು ತುಂಬಿರಬಹುದು. 100 ಲೀಟರ್ ನೀರು ಎಂದರೆ 100 ಕಿಲೋ ಹೆಚ್ಚುವರಿ ಭಾರ. ಮೊದಲು ಇದನ್ನು ನೋಡುವುದು.
(ಆ) ಉಪ್ಪುನೀರಿನಲ್ಲೇ ನಿಲ್ಲುವ ದೋಣಿಯ ತಳಕ್ಕೆ ಪಾಚಿ ಮತ್ತು ಚಿಪ್ಪುಜೀವಿಗಳು ಅಂಟಿಕೊಂಡು ವೇಗ ಕುಗ್ಗಿಸುತ್ತವೆ. ಪಂಪಿನ ಒಳಭಾಗದಲ್ಲಿಯೂ ಇವು ಬೆಳೆಯಬಲ್ಲವು.
(ಇ) ಹಿಮ್ಮುಖ ಬಕೆಟ್‌ನ ಕೇಬಲ್ ಹೊಂದಾಣಿಕೆ ತಪ್ಪಿದರೆ ಬಕೆಟ್ ಪೂರ್ತಿ ಮೇಲೇಳದೆ ಧಾರೆಗೆ ಅಡ್ಡ ನಿಲ್ಲುತ್ತದೆ.
(ಈ) ಪ್ರಯಾಣಿಕರ ಸಂಖ್ಯೆ ಪ್ರಮಾಣಪತ್ರದಲ್ಲಿ ನಮೂದಿಸಿದ ಮಿತಿಯೊಳಗಿರಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಸಮೀಪ ಮಿತಿಮೀರಿ ಜನರಿದ್ದ ದೋಣಿ ಮಗುಚಿ ಸಂಭವಿಸಿದ ಸಾವುನೋವುಗಳನ್ನು ಯಾವ ನಿರ್ವಾಹಕರೂ ಮರೆಯುವಂತಿಲ್ಲ. ಜೆಟ್ ದೋಣಿಯಲ್ಲಿ ಅಧಿಕ ಭಾರವನ್ನು ಆರ್‌ಪಿಎಂ ಮಾಪಕ ತೋರಿಸುವುದಿಲ್ಲವಾದ್ದರಿಂದ, ಜನರನ್ನು ಎಣಿಸಿ ಹತ್ತಿಸುವುದೇ ಏಕೈಕ ಮಾರ್ಗ.

7. ಎಂಜಿನ್ನಿನ ದೋಷಗಳು

7.1 ಇಂಧನ: ಮುಂಗಾರಿನಲ್ಲಿ ತಿಂಗಳುಗಟ್ಟಲೆ ನಿಂತ ದೋಣಿಯನ್ನು ಮರುಚಾಲನೆ ಮಾಡುವಾಗ ಈ ದೋಷ ಹೆಚ್ಚಾಗಿ ಕಾಣುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತ ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ಈಗ ವ್ಯಾಪಕ ಬಳಕೆಯಲ್ಲಿದೆ. ಎಥೆನಾಲ್ ತೇವವನ್ನು ಹೀರುತ್ತದೆ. ಹೀರಿದ ನೀರು ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಎಂಜಿನ್ ಮೊದಲು ಎಳೆದುಕೊಳ್ಳುವುದು ಈ ಪದರವನ್ನೇ. ಆದ್ದರಿಂದ ಹಳೆಯ ಪೆಟ್ರೋಲ್ ಹೊರತೆಗೆದು, ಫಿಲ್ಟರ್ ಬದಲಾಯಿಸಿ, ಹೊಸ ಇಂಧನ ತುಂಬತಕ್ಕದ್ದು. ಎಥೆನಾಲ್ ಪ್ರಮಾಣದ ಬಗ್ಗೆ ಕೈಪಿಡಿಯಲ್ಲಿ ನೀಡಿರುವ ಮಿತಿಯನ್ನೂ ಪರಿಶೀಲಿಸುವುದು. ಟ್ಯಾಂಕಿನ ಗಾಳಿಕೊಳವೆ ಮುಚ್ಚಿಕೊಂಡಿದ್ದರೆ ಎಂಜಿನ್ ಕೆಲ ನಿಮಿಷ ಓಡಿ ಸೊರಗುತ್ತದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಚೇತರಿಸಿಕೊಂಡರೆ ದೋಷ ಅಲ್ಲಿಯೇ ಇದೆ.

7.2 ಅತಿಯಾದ ಬಿಸಿ ಮತ್ತು ಸೀಮಿತ ಚಾಲನೆ: ಅನೇಕ ಜೆಟ್ ದೋಣಿಗಳಲ್ಲಿ ಎಂಜಿನ್ ತಂಪಾಗಿಸುವ ನೀರು ಜೆಟ್ ಪಂಪಿನಿಂದಲೇ ಬರುತ್ತದೆ. ಹೀಗಾಗಿ ಜಾಲರಿ ಕಟ್ಟಿಕೊಂಡರೆ ಎಂಜಿನ್ ಸಹ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದಾಗ ಅಥವಾ ಆಯಿಲ್ ಒತ್ತಡ ಕುಸಿದಾಗ ಆಧುನಿಕ ಎಂಜಿನ್ನುಗಳು ತಮ್ಮ ರಕ್ಷಣೆಗಾಗಿ ತಾವೇ ಆರ್‌ಪಿಎಂ ತಗ್ಗಿಸುತ್ತವೆ. ಎಚ್ಚರಿಕೆಯ ದೀಪ ಅಥವಾ ಸದ್ದು ಬಂದಾಗ ಪದೇ ಪದೇ ಥ್ರಾಟಲ್ ಒತ್ತದೆ ಎಂಜಿನ್ ನಿಲ್ಲಿಸತಕ್ಕದ್ದು.

7.3 ಇತರೆ: ಸ್ಪಾರ್ಕ್ ಪ್ಲಗ್ ದೋಷದಿಂದ ಒಂದು ಸಿಲಿಂಡರ್ ನಿಷ್ಕ್ರಿಯವಾದರೆ ಎಂಜಿನ್ ಬಿಟ್ಟುಬಿಟ್ಟು ಓಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಪ್ಪು ಹೊಗೆ ಕಂಡರೆ ಗಾಳಿಯ ಫಿಲ್ಟರ್ ಮತ್ತು ಟರ್ಬೊ ಪರೀಕ್ಷಿಸುವುದು. ಬ್ಯಾಟರಿಯ ಸಂಪರ್ಕಗಳಲ್ಲಿ ಉಪ್ಪು ಕಟ್ಟಿದ್ದರೆ ಸ್ವಚ್ಛಗೊಳಿಸುವುದು.

8. ದಾಖಲೆ ಪುಸ್ತಕದ ಮಹತ್ವ

ಹೋಲಿಸಲು ಹಿಂದಿನ ಅಂಕಿಗಳಿಲ್ಲದಿದ್ದರೆ ಮೇಲ್ಕಂಡ ಪರೀಕ್ಷೆ ಅಪೂರ್ಣವಾಗುತ್ತದೆ. ಆದುದರಿಂದ ಪ್ರತಿ ದೋಣಿಗೆ ಪ್ರತ್ಯೇಕ ಪುಸ್ತಕವಿರಿಸಿ ದಿನಾಂಕ, ಓಡಿದ ಗಂಟೆಗಳು, ತುಂಬಿದ ಇಂಧನ, ಪೂರ್ಣ ಥ್ರಾಟಲ್‌ನ ಆರ್‌ಪಿಎಂ, ವೇಗ ಮತ್ತು ಬದಲಾಯಿಸಿದ ಬಿಡಿಭಾಗಗಳನ್ನು ನಮೂದಿಸುವುದು ಸೂಕ್ತ. ಗಂಟೆಗೆ ತಗಲುವ ಇಂಧನ ಕಾರಣವಿಲ್ಲದೆ ಏರುತ್ತಿದ್ದರೆ, ಚಾಲಕನಿಗೆ ವ್ಯತ್ಯಾಸ ಅರಿವಾಗುವ ಮೊದಲೇ ಪುಸ್ತಕ ಅದನ್ನು ತಿಳಿಸುತ್ತದೆ. ತಪಾಸಣೆಯ ಸಂದರ್ಭದಲ್ಲಿಯೂ ಈ ಪುಸ್ತಕ ಉಪಯುಕ್ತ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಒಳನಾಡು ಜಲಪ್ರದೇಶದಲ್ಲಿ ಯಾಂತ್ರಿಕ ದೋಣಿಗಳ ತಪಾಸಣೆ ಮತ್ತು ನೋಂದಣಿಯು 1917ರ ಹಳೆಯ ಕಾಯ್ದೆಗೆ ಬದಲಾಗಿ ಬಂದ ಒಳನಾಡು ಹಡಗುಗಳ ಕಾಯ್ದೆ, 2021ಕ್ಕೆ ಒಳಪಟ್ಟಿರುತ್ತದೆ. ಶಕ್ತಿ ಕುಂದಿದೆ ಎಂಬ ಕಾರಣಕ್ಕೆ ಬೇರೆ ಸಾಮರ್ಥ್ಯದ ಎಂಜಿನ್ ಅಳವಡಿಸಲು ಉದ್ದೇಶಿಸಿದಲ್ಲಿ ನೋಂದಣಿ ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸತಕ್ಕದ್ದು. ತಪಾಸಣೆಯ ದಿನದಂದು ದೋಣಿಯ ತಳ, ಜಾಲರಿ ಹಾಗೂ ಎಂಜಿನ್ ಕೋಣೆ ಸ್ವಚ್ಛವಾಗಿದ್ದು, ನೋಡಲು ಅನುಕೂಲವಾಗುವಂತಿರಬೇಕು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕರಾವಳಿಯಲ್ಲಿ ಚೆನ್ನಾಗಿದ್ದ ದೋಣಿ ಮೈಸೂರು ಭಾಗದ ಜಲಾಶಯದಲ್ಲಿ ಸ್ವಲ್ಪ ನಿಧಾನವಾಗುವುದೇಕೆ?
ಉತ್ತರ: ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇದು ದೋಷವಲ್ಲ.

ಪ್ರಶ್ನೆ: ಎಂಜಿನ್ನನ್ನು ದಡದಲ್ಲಿ ಚಾಲೂ ಮಾಡಿ ಪರೀಕ್ಷಿಸಬಹುದೇ?
ಉತ್ತರ: ನೀರಿನ ಪೂರೈಕೆಯಿಲ್ಲದೆ ಓಡಿಸಿದರೆ ಎಂಜಿನ್ ಮತ್ತು ಸೀಲ್ ಹಾಳಾಗುತ್ತವೆ. ಪಂಪಿಗೆ ಹೊರೆಯಿಲ್ಲದ ಕಾರಣ ಶಕ್ತಿಯ ದೋಷವೂ ತಿಳಿಯುವುದಿಲ್ಲ. ದಡದ ಚಾಲನೆಯನ್ನು ಉಪ್ಪು ತೊಳೆಯುವುದಕ್ಕೆ ಮಾತ್ರ, ಕೈಪಿಡಿಯ ಕ್ರಮದಂತೆ ಬಳಸುವುದು.

ಪ್ರಶ್ನೆ: ಶಕ್ತಿ ಸ್ವಲ್ಪವೇ ಕುಂದಿದೆ, ರಜಾದಿನಗಳ ದಟ್ಟಣೆ ಮುಗಿದ ಮೇಲೆ ದುರಸ್ತಿ ಮಾಡಿಸಬಹುದೇ?
ಉತ್ತರ: ಕೂಡದು. ಇಂದು ವೇಗ ತಗ್ಗಿಸಿದ ದೋಷವೇ ನಾಳೆ ಅಳಿವೆಯ ನಡುವೆ ಎಂಜಿನ್ನನ್ನು ನಿಲ್ಲಿಸಬಹುದು. ಆಗ ದೋಣಿಯಲ್ಲಿ ಕುಳಿತವರನ್ನು ದಡದತ್ತ ತಿರುಗಿಸುವ ಸಾಧನ ಚಾಲಕನ ಕೈಯಲ್ಲಿರುವುದಿಲ್ಲ. ಕಾರಣ ಪತ್ತೆಯಾಗಿ ದುರಸ್ತಿಯಾಗುವವರೆಗೆ ಅಂತಹ ದೋಣಿಗೆ ಪ್ರಯಾಣಿಕರನ್ನು ಹತ್ತಿಸಬಾರದು.