ಚಳಿಗಾಲದ ಎರಡು ಬೆಳಗು, ಜೊತೆಗೊಂದು ನೋಟ್‌ಬುಕ್ಕು

ಡಿಸೆಂಬರ್ ಬಂತೆಂದರೆ ಮಂಡ್ಯ ಸೀಮೆಯ ಮನೆಗಳಲ್ಲಿ ಬೆಳಗಿನ ಜಗಳ ಶುರು. ‘ಪರೀಕ್ಷೆ ಹತ್ತಿರ ಬಂತು, ಎದ್ದು ಓದಿಕೋ’ ಎಂಬುದು ಅಪ್ಪ ಅಮ್ಮನ ಮಾತು. ‘ಚಳಿ, ಇನ್ನರ್ಧ ಗಂಟೆ’ ಎಂಬುದು ಕಂಬಳಿಯೊಳಗಿನ ಉತ್ತರ. ತಿಂಗಳಿಗೊಂದು ಶನಿವಾರ, ಭಾನುವಾರ ಮಾತ್ರ ಈ ಜಗಳಕ್ಕೆ ರಜೆ ಕೊಡಬಹುದು. ಓಡಲು ಊರ ರಸ್ತೆ, ನೋಡಲು ಹಕ್ಕಿ, ಹತ್ತಲು ಬಂಡೆಬೆಟ್ಟ ಎಲ್ಲವೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲೇ ಇವೆ. ಕ್ಯಾಮೆರಾ ಇದ್ದರೆ ಸರಿ, ಇಲ್ಲದಿದ್ದರೂ ಸರಿ. ಆದರೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ಬೇಕೇ ಬೇಕು.

ನೋಟ್‌ಬುಕ್ಕೇ ಏಕೆ ಎಂಬುದಕ್ಕೆ ಇದೇ ಸೀಮೆಯಲ್ಲಿ ಉತ್ತರವಿದೆ.

ನೋಡಿ ಬರೆದವರ ಫಲ

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ 17ನೇ ಶತಮಾನದಲ್ಲಿ ಒಂದು ಕಟ್ಟೆ ಕಟ್ಟಲಾಯಿತು. ಹೊಳೆಯ ನಡುವೆ ನಡುಗಡ್ಡೆಗಳಾದವು, ಅಲ್ಲಿನ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಊರವರಿಗೆ ಅದು ದಿನನಿತ್ಯದ ನೋಟ. ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಈ ತಾಣದ ಬೆಲೆ ಗುರುತಿಸಿದರು, ಇದನ್ನು ಕಾಪಾಡಬೇಕೆಂದು ಮಹಾರಾಜರಿಗೆ ತಿಳಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಕರ್ನಾಟಕದಿಂದ ಆ ಪಟ್ಟಿ ಸೇರಿದ ಮೊದಲ ತಾಣ ಇದೇ. ಒಬ್ಬರು ಕಣ್ಣಿಟ್ಟು ನೋಡಿ, ಸರಿಯಾದವರಿಗೆ ತಿಳಿಸಿದ್ದರಿಂದ ಆದ ಕೆಲಸ ಇದು.

ಶನಿವಾರ: ಓಟ, ಆಮೇಲೆ ಹೊಳೆ

ಡಿಸೆಂಬರ್–ಜನವರಿಯಲ್ಲಿ ಇಲ್ಲಿನ ಬೆಳಗಿನ ತಾಪಮಾನ 15–16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಿಮಾಲಯದವರಿಗೆ ಇದು ಚಳಿಯೇ ಅಲ್ಲ. ಆದರೂ ಹಾಸಿಗೆಯಿಂದೆದ್ದ ಮೈ ಬಿಗಿದಿರುತ್ತದೆ. ಹತ್ತು ನಿಮಿಷ ಬಿರುಸಾಗಿ ನಡೆದು, ಆಮೇಲೆ ನಿಧಾನವಾಗಿ ಓಡಬೇಕು. ಪಕ್ಕದವರ ಜೊತೆ ಮಾತಾಡುತ್ತ ಓಡಲು ಆದರೆ ವೇಗ ಸರಿಯಿದೆ ಎಂದರ್ಥ. ಉಬ್ಬಸವಿರುವ ಮಕ್ಕಳಿಗೆ ತಣ್ಣನೆಯ ಒಣಗಾಳಿಯಿಂದ ಶ್ವಾಸನಾಳ ಬಿಗಿಯಬಹುದು; ವೈದ್ಯರು ಕೊಟ್ಟ ಇನ್‌ಹೇಲರ್ ಜೇಬಿನಲ್ಲಿರಲಿ. ಓಟ ಮುಗಿದೊಡನೆ ಬೆವರಿನ ಅಂಗಿ ಬದಲಿಸದಿದ್ದರೆ ನಡುಕ ಹತ್ತುತ್ತದೆ.

ಕಬ್ಬು ಕಡಿಯುವ ಕಾಲ ಇದು. ಮಂಜಿನಲ್ಲಿ ಕಬ್ಬಿನ ಟ್ರ್ಯಾಕ್ಟರು, ಗಾಡಿಗಳು ತಟ್ಟನೆ ಎದುರಾಗುತ್ತವೆ. ಬೆಳಕು ಹರಿದ ಮೇಲೆ, ವಾಹನಗಳಿಗೆ ಎದುರಾಗಿ, ರಸ್ತೆಯ ಬಲಬದಿಯಲ್ಲಿ ಓಡುವುದು ಕ್ಷೇಮ. ತಡೆಗೋಡೆಯಿಲ್ಲದ ಕಾಲುವೆ ಏರಿಯ ಅಂಚು ಬೇಡವೇ ಬೇಡ.

ಓಟದ ನಂತರ ರಂಗನತಿಟ್ಟು. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಚಮಚಕೊಕ್ಕು, ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿಗಳ ಜೊತೆಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳೂ ಕಾಣುತ್ತವೆ. ಫೋಟೊ ತೆಗೆಯುವವರಿಗೆ ಒಂದು ಸರಳ ಪಾಠ: ಹಕ್ಕಿಯ ಕಣ್ಣು ಸ್ಪಷ್ಟವಾಗಿ ಬಂದರೆ ಚಿತ್ರಕ್ಕೆ ಜೀವ ಬಂದಂತೆ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟಾದರೂ ಶಟರ್ ವೇಗ ಬೇಕು.

ಅದಕ್ಕಿಂತ ದೊಡ್ಡ ಪಾಠ ದೂರದ್ದು. ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ನಿಮ್ಮತ್ತ ನೋಡಿತೆಂದರೆ ಅಲ್ಲೇ ನಿಲ್ಲಬೇಕು. ಗೂಡಿನಲ್ಲಿ ಕೂತ ತಾಯಿ ಬೆದರಿ ಎದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಸಿಕ್ಕಿಬಿಡುತ್ತವೆ. ಚಿತ್ರ ಚೆನ್ನಾಗಿ ಬಂದಿರಬಹುದು, ಮರಿ ಉಳಿಯದೆ ಹೋಗಬಹುದು. ‘ಇನ್ನೂ ಹತ್ತಿರ ಹೋಗಿ’ ಎಂದು ದೋಣಿಯವರನ್ನು ಪೀಡಿಸದಿರುವುದನ್ನು ಮಕ್ಕಳು ದೊಡ್ಡವರನ್ನು ನೋಡಿಯೇ ಕಲಿಯಬೇಕು.

ಭಾನುವಾರ: ಬಂಡೆಬೆಟ್ಟ, ನವಿಲು

ಬ್ರಿಟಿಷರ ಕಾಲದಲ್ಲಿ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದುದೇ ಕಾರಣ. ಊರ ಪಕ್ಕದ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ಇದ್ದರೆಂಬುದು ಜನರ ನಂಬಿಕೆ. ಬೆಳಗಿನ ಇಬ್ಬನಿಗೆ ಬಂಡೆ ಜಾರುತ್ತದೆ. ಒಳ್ಳೆಯ ಹಿಡಿತದ ಬೂಟು ಬೇಕು, ಅಂಚಿನ ಸೆಲ್ಫಿ ಬೇಡ. ಹೆಜ್ಜೇನಿನ ಗೂಡು ಕಂಡರೆ ಸದ್ದಿಲ್ಲದೆ ದೂರ ಸರಿಯಬೇಕು. ಓರೆಯಾಗಿ ಬೀಳುವ ಎಳೆಬಿಸಿಲಿಗೆ ಬಂಡೆಯ ಒಂದೊಂದು ಬಿರುಕೂ ಎದ್ದು ಕಾಣುವುದರಿಂದ ಛಾಯಾಗ್ರಾಹಕರಿಗೆ ಇದು ಹೇಳಿಮಾಡಿಸಿದ ಹೊತ್ತು.

ದಕ್ಷಿಣ ಭಾರತದ ಇಂಥ ಕುರುಚಲು ಬಂಡೆಬೆಟ್ಟಗಳನ್ನೇ ನಂಬಿ ಬದುಕುವ ಹಕ್ಕಿಯೊಂದಿದೆ: ಹಳದಿ ಕೊರಳಿನ ಪಿಕಳಾರ. ಜಗತ್ತಿನ ಬೇರೆಲ್ಲೂ ಇದು ಇಲ್ಲ. ಬೆಟ್ಟ ಜಲ್ಲಿಯಾಗಿ ಲಾರಿ ಹತ್ತಿದರೆ ಅದಕ್ಕೆ ಮತ್ತೊಂದು ಮನೆಯಿಲ್ಲ. ಯಾವ ಬೆಟ್ಟದಲ್ಲಿ ಅದಿದೆ, ಯಾವುದರಲ್ಲಿಲ್ಲ ಎಂಬುದು ಹತ್ತಿ ನೋಡಿ ಬರೆದಿಟ್ಟವರಿಂದಷ್ಟೇ ಗೊತ್ತಾಗಬೇಕು.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಧಾಮ 1981ರಲ್ಲಿ ಘೋಷಣೆಯಾದದ್ದು. ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಚಳಿಗಾಲದಲ್ಲಿ ಹೋದವರು ‘ನವಿಲಿಗೆ ಗರಿಯೇ ಇಲ್ಲವಲ್ಲ’ ಎಂದು ನಿರಾಶರಾಗುವುದುಂಟು. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲಿನ ಉದ್ದ ಗರಿಗಳು ಉದುರಿ, ಚಳಿಗಾಲದಲ್ಲಿ ಹೊಸತು ಬೆಳೆಯುತ್ತಿರುತ್ತವೆ. ಚಿತ್ರಕ್ಕೆ ಇದು ಕೊರತೆ. ನೋಟ್‌ಬುಕ್ಕಿಗೆ ಒಳ್ಳೆಯ ಸಾಲು. ಗರಿ ಎಷ್ಟುದ್ದ ಬಂದಿದೆ ಎಂದು ಡಿಸೆಂಬರಿನಲ್ಲೂ ಫೆಬ್ರುವರಿಯಲ್ಲೂ ಬರೆದಿಟ್ಟ ವಿದ್ಯಾರ್ಥಿಗೆ ಆ ಪಾಠವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಏನು ಬರೆಯಬೇಕು?

ದಿನಾಂಕ, ಗಂಟೆ, ಸ್ಥಳ, ಮೋಡವೋ ಬಿಸಿಲೋ, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ಇಷ್ಟು ಸಾಕು. ದೊಡ್ಡ ಹಿಂಡಾದರೆ ಹತ್ತು ಹಕ್ಕಿಗಳನ್ನು ಎಣಿಸಿ, ಅಂಥ ಹತ್ತುಗಳು ಎಷ್ಟಿವೆ ಎಂದು ಅಂದಾಜು ಮಾಡುವುದು ರೂಢಿ. ಹೆಸರು ತಿಳಿಯದಿದ್ದರೆ ಕೊಕ್ಕು, ಕಾಲು, ಬಣ್ಣ ಬರೆದುಕೊಂಡು ಮನೆಗೆ ಬಂದು ಪುಸ್ತಕ ನೋಡಬಹುದು. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತಿಯ ದಂಡೆಗೆ ಹೋದವರು ಬಾಲ ಕುಣಿಸುವ ಸಿಪಿಲೆಯನ್ನು ಹುಡುಕಲಿ. ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಹಕ್ಕಿ. ಅದು ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಎರಡೂ ಬರೆದಿಡಬೇಕಾದವೇ. ‘ಕಾಣಲಿಲ್ಲ’ ಎಂಬುದೂ ಒಂದು ಮಾಹಿತಿಯೇ.

ಈ ಸಾಲುಗಳು ಮನೆಯಲ್ಲೇ ಉಳಿಯಬೇಕಾಗಿಲ್ಲ. 1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿಗಳ ಗಣತಿಯಲ್ಲಿ ಪ್ರತಿ ಜನವರಿ ಸ್ವಯಂಸೇವಕರು ಕೆರೆ, ಹೊಳೆಗಳ ಹಕ್ಕಿಗಳನ್ನು ಎಣಿಸುತ್ತಾರೆ. ಇ-ಬರ್ಡ್ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮ ಪಟ್ಟಿ ಸೇರಿಸಬಹುದು, ಶುಲ್ಕವಿಲ್ಲ.

ರಂಗನತಿಟ್ಟಿಗೆ ಕಾವಲಿದೆ, ಹೆಸರಿದೆ. ಊರ ಹಿಂದಿನ ಕೆರೆಗೆ ಎರಡೂ ಇಲ್ಲ. ಅದು ಹೂಳು ತುಂಬಿ, ಕಳೆ ಮುಚ್ಚಿ ಹೋದಾಗ ಅಲ್ಲಿ ಎಷ್ಟು ಹಕ್ಕಿಗಳಿದ್ದವೆಂದು ಹೇಳುವವರೇ ಇರುವುದಿಲ್ಲ. ಎರಡು ದಿನದ ತಿರುಗಾಟ ಮುಗಿಸಿ ಬಂದ ಮನೆಯವರು ಮುಂದಿನ ಭಾನುವಾರದಿಂದ ತಮ್ಮೂರ ಕೆರೆಯನ್ನೇ ಆರಿಸಿಕೊಂಡು, ತಿಂಗಳಿಗೊಮ್ಮೆ ಅರ್ಧ ಗಂಟೆ ಎಣಿಸಿದರೆ ಸಾಕು. ಅದಕ್ಕೆ ಬಸ್ ಖರ್ಚೂ ಇಲ್ಲ, ಓದಿಗೆ ಅಡ್ಡಿಯೂ ಇಲ್ಲ.