ಮುಕ್ತ ತಂತ್ರಾಂಶದ ಮರುನಾಮಕರಣ ಮತ್ತು ಕರ್ತೃತ್ವದ ಉಲ್ಲೇಖ

ಕರ್ತೃತ್ವದ ಉಲ್ಲೇಖ ಎಂದರೆ, ಒಬ್ಬರು ಬರೆದ ಮುಕ್ತ ತಂತ್ರಾಂಶವನ್ನು ಮತ್ತೊಬ್ಬರು ಮಾರ್ಪಡಿಸಿ ವಿತರಿಸುವಾಗ ಮೂಲ ಲೇಖಕರ ಹೆಸರು, ಹಕ್ಕುಸ್ವಾಮ್ಯದ ಸೂಚನೆ ಹಾಗೂ ಪರವಾನಗಿಯ ಪಠ್ಯವನ್ನು ಉಳಿಸಿಕೊಳ್ಳುವುದು. ತಂತ್ರಾಂಶದ ಹೆಸರು ವ್ಯಾಪಾರಮುದ್ರೆಯ ಕಾನೂನಿಗೂ, ಅದನ್ನು ಬರೆದವರ ಹಕ್ಕು ಹಕ್ಕುಸ್ವಾಮ್ಯದ ಕಾನೂನಿಗೂ ಸೇರಿದ ಸಂಗತಿಗಳು. ಆದ್ದರಿಂದ ತಂತ್ರಾಂಶದ ಹೆಸರನ್ನು ಬದಲಿಸಿದ ಮಾತ್ರಕ್ಕೆ ಅದರೊಳಗಿನ ಲೇಖಕರ ಹೆಸರನ್ನು ಅಳಿಸುವ ಹಕ್ಕು ದೊರೆಯುವುದಿಲ್ಲ.

ಪರವಾನಗಿಗಳ ಷರತ್ತುಗಳು

ಅತ್ಯಂತ ಸರಳವಾದ ಎಂಐಟಿ ಪರವಾನಗಿಯೂ ತಂತ್ರಾಂಶದ ಎಲ್ಲ ಪ್ರತಿಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆ ಇರಬೇಕೆಂದು ವಿಧಿಸುತ್ತದೆ. ಜಿಪಿಎಲ್ ಇನ್ನೂ ಮುಂದೆ ಹೋಗಿ, ಮಾರ್ಪಾಡು ನಡೆದಿದೆ ಎಂಬುದನ್ನೂ ಅದರ ದಿನಾಂಕವನ್ನೂ ಎದ್ದು ಕಾಣುವಂತೆ ನಮೂದಿಸಲು ಹೇಳುತ್ತದೆ. ಬೇರೆಯವರು ತಂದ ದೋಷಗಳಿಗೆ ಮೂಲ ಲೇಖಕರು ಹೊಣೆಯಾಗಬಾರದೆಂಬುದು ಇದರ ಉದ್ದೇಶ. 2004ರ ಅಪಾಚೆ 2.0 ಪರವಾನಗಿಯು ನೋಟಿಸ್ ಕಡತದಲ್ಲಿರುವ ಉಲ್ಲೇಖಗಳನ್ನು ಉಳಿಸಿಕೊಳ್ಳಲು ಹೇಳುತ್ತದೆ, ಆದರೆ ಮೂಲ ಯೋಜನೆಯ ವ್ಯಾಪಾರಮುದ್ರೆಯನ್ನು ಬಳಸಲು ಅನುಮತಿ ನೀಡುವುದಿಲ್ಲ.

ಜೇಕಬ್ಸನ್ ವಿರುದ್ಧ ಕಾಟ್ಜರ್ ಮೊಕದ್ದಮೆ

ಈ ಷರತ್ತುಗಳಿಗೆ ನ್ಯಾಯಾಲಯದಲ್ಲಿ ಬೆಲೆಯಿದೆಯೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಆಟಿಕೆ ರೈಲುಗಳ ಹವ್ಯಾಸಿಗಳಿಂದ ಎದ್ದಿತು. ಭೌತಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಜೇಕಬ್ಸನ್ ಮತ್ತು ಇತರ ಸ್ವಯಂಸೇವಕರು ಮಾದರಿ ರೈಲುಗಳನ್ನು ನಿಯಂತ್ರಿಸುವ ಜೆಎಂಆರ್‌ಐ ಎಂಬ ತಂತ್ರಾಂಶವನ್ನು ಆರ್ಟಿಸ್ಟಿಕ್ ಪರವಾನಗಿಯಡಿ ಉಚಿತವಾಗಿ ಹಂಚುತ್ತಿದ್ದರು. ಅದರ ಕೆಲವು ಕಡತಗಳು ಮ್ಯಾಥ್ಯೂ ಕಾಟ್ಜರ್ ಅವರ ಸಂಸ್ಥೆಯ ವಾಣಿಜ್ಯ ತಂತ್ರಾಂಶದಲ್ಲಿ ಬೇರೆ ಹೆಸರಿನಡಿ ಕಾಣಿಸಿಕೊಂಡವು. ಅವುಗಳಲ್ಲಿ ಲೇಖಕರ ಹೆಸರಾಗಲಿ, ಹಕ್ಕುಸ್ವಾಮ್ಯದ ಸೂಚನೆಯಾಗಲಿ, ಏನನ್ನು ಬದಲಿಸಲಾಗಿದೆ ಎಂಬ ವಿವರಣೆಯಾಗಲಿ ಇರಲಿಲ್ಲ.

ಇದು ಹೆಚ್ಚೆಂದರೆ ಒಪ್ಪಂದದ ಉಲ್ಲಂಘನೆ ಎಂದು ಭಾವಿಸಿದ ಕೆಳಗಿನ ನ್ಯಾಯಾಲಯವು 2007ರಲ್ಲಿ ತಡೆಯಾಜ್ಞೆಯನ್ನು ನಿರಾಕರಿಸಿತು. ಹಣವಿಲ್ಲದೆ ಹಂಚಿದ ತಂತ್ರಾಂಶಕ್ಕೆ ನಷ್ಟವನ್ನು ಲೆಕ್ಕ ಹಾಕುವುದೇ ಕಷ್ಟವಾದ್ದರಿಂದ, ಆ ನಿಲುವು ಉಳಿದಿದ್ದರೆ ಮುಕ್ತ ಪರವಾನಗಿಗಳ ಷರತ್ತುಗಳು ಬಹುಮಟ್ಟಿಗೆ ಕಾಗದದ ಮೇಲಷ್ಟೇ ಇರುತ್ತಿದ್ದವು. ಆದರೆ 2008ರ ಆಗಸ್ಟ್‌ನಲ್ಲಿ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು, ಉಲ್ಲೇಖದ ಷರತ್ತನ್ನು ಮೀರುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯೂ ಆಗಬಲ್ಲದು ಎಂದು ತೀರ್ಪಿತ್ತಿತು. ಹಣ ಕೈ ಬದಲಿಸದಿದ್ದರೂ ಲೇಖಕರಿಗೆ ಹೆಸರು, ಬಳಕೆದಾರರು, ಸುಧಾರಣೆಗಳು ದೊರೆಯುತ್ತವೆ; ಅವೂ ಆರ್ಥಿಕ ಹಿತಾಸಕ್ತಿಗಳೇ ಎಂಬುದು ಅದರ ತರ್ಕವಾಗಿತ್ತು. 2010ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಮರುನಾಮಕರಣದ ಉದಾಹರಣೆಗಳು

2006ರಲ್ಲಿ ಮೊಜಿಲ್ಲಾ ಸಂಸ್ಥೆಯು ತನ್ನ ವ್ಯಾಪಾರಮುದ್ರೆಯ ನಿಯಮಗಳನ್ನು ಪಾಲಿಸುವಂತೆ ಸೂಚಿಸಿದಾಗ, ಡೆಬಿಯನ್ ಯೋಜನೆಯು ತಾನು ಮಾರ್ಪಡಿಸಿ ವಿತರಿಸುತ್ತಿದ್ದ ಫೈರ್‌ಫಾಕ್ಸ್‌ಗೆ ಐಸ್‌ವೀಸೆಲ್ ಎಂಬ ಹೆಸರನ್ನಿಟ್ಟಿತು. ಹೆಸರು ಮತ್ತು ಲಾಂಛನ ಬದಲಾದವು, ಮೂಲ ಲೇಖಕರ ಹಕ್ಕುಸ್ವಾಮ್ಯದ ಸೂಚನೆಗಳು ಉಳಿದವು. 2016ರಲ್ಲಿ ಹಳೆಯ ಹೆಸರು ಮರಳಿತು.

ಕೆಡಿಇ ಯೋಜನೆಯ ಕೆಎಚ್‌ಟಿಎಂಎಲ್ ಎಂಜಿನ್‌ನಿಂದ ಆಪಲ್ ಸಂಸ್ಥೆಯ ವೆಬ್‌ಕಿಟ್ ಹುಟ್ಟಿತು. ವೆಬ್‌ಕಿಟ್‌ನಿಂದ 2013ರಲ್ಲಿ ಗೂಗಲ್‌ನ ಬ್ಲಿಂಕ್ ಕವಲೊಡೆಯಿತು. ಕ್ರೋಮ್ ಬ್ರೌಸರ್ ಜಾಲತಾಣಗಳಿಗೆ ತನ್ನನ್ನು ಪರಿಚಯಿಸಿಕೊಳ್ಳುವ ಸಾಲಿನಲ್ಲಿ ಇಂದಿಗೂ ಕೆಎಚ್‌ಟಿಎಂಎಲ್ ಎಂಬ ಪದವಿದೆ. ಇದನ್ನು ಕೃತಜ್ಞತೆಯೆಂದು ತಿಳಿಯಬೇಕಿಲ್ಲ, ಅದು ಹಳೆಯ ಜಾಲತಾಣಗಳೊಂದಿಗಿನ ಹೊಂದಾಣಿಕೆಗಾಗಿ ಉಳಿದದ್ದು. ನಿಜವಾದ ಉಲ್ಲೇಖವು ಬ್ಲಿಂಕ್‌ನ ಆಕರ ಕಡತಗಳ ಮೊದಲ ಸಾಲುಗಳಲ್ಲಿದೆ. ಎರಡು ಬಾರಿ ಹೆಸರು ಬದಲಾದ ಬಳಿಕವೂ ಕೆಡಿಇ ಕಾಲದ ಲೇಖಕರ ಹೆಸರುಗಳು ಅಲ್ಲಿ ಕಾಣಸಿಗುತ್ತವೆ.