ಅದಿರಿನ ಎಂಜಿನ್ನಿಗೆ ಒಂದು ನೆರಳು

ಹಿರಿಯೂರಿನ ಏಪ್ರಿಲ್ ಬಿಸಿಲಿಗೆ ನಿಂತ ಕಬ್ಬಿಣವನ್ನು ಮುಟ್ಟಿದರೆ ಅಂಗೈ ಚುರ್ರೆನ್ನುತ್ತದೆ. ಅದೇ ಕಬ್ಬಿಣ ಮಾಗಿಯ ಬೆಳಗಿನ ಜಾವ ಇಬ್ಬನಿಯಲ್ಲಿ ಒದ್ದೆಯಾಗಿರುತ್ತದೆ. ಹಿಗ್ಗಿ ಕುಗ್ಗಿ ಬಣ್ಣ ಬಿರಿಯುತ್ತದೆ, ಬಿರುಕಿನೊಳಗೆ ನೀರು ಇಳಿಯುತ್ತದೆ. ಬಯಲುಸೀಮೆಯಲ್ಲಿ ತುಕ್ಕಿನ ಭಯವಿಲ್ಲ ಅನ್ನುವ ಮಾತು ಅರ್ಧ ಮಾತ್ರ ನಿಜ. ಗಣಿಗೆ ದುಡಿದ ಹಳೆಯ ನ್ಯಾರೋಗೇಜ್ ಎಂಜಿನ್ನುಗಳನ್ನು ಉಳಿಸುವವರು ಮೊದಲು ಕಲಿಯಬೇಕಾದ್ದು ಇದನ್ನೇ.

ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿಲಿಮೀಟರ್. ಗಣಿಯ ಹಳಿ ಸಾಮಾನ್ಯವಾಗಿ 610 ಅಥವಾ 762. ಸುರಂಗ ಅಗಲವಾದಷ್ಟೂ ಖರ್ಚು ಜಾಸ್ತಿ, ಬೆಟ್ಟದ ತಿರುವಿಗೂ ಸಣ್ಣ ಹಳಿಯೇ ಹೊಂದುತ್ತದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿ ಹಿಡಿಯುತ್ತಿತ್ತು. ಚಿತ್ರದುರ್ಗಕ್ಕೆ 1921ರಲ್ಲಿ ಚಿಕ್ಕಜಾಜೂರಿನಿಂದ ಬಂದದ್ದು ಮೀಟರ್‌ಗೇಜ್. ಹೊಳಲ್ಕೆರೆ, ಹೊಸದುರ್ಗದ ಕಬ್ಬಿಣ, ಮ್ಯಾಂಗನೀಸ್, ಇಂಗಳದಾಳದ ತಾಮ್ರ ಇವೆಲ್ಲ ಈ ಜಿಲ್ಲೆಯ ನೆಲದವು. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ. ಗಣಿ ನಾಡಿನಲ್ಲೇ ಅಂಥದ್ದೊಂದು ನೆರಳು ಬೇಕು ಎಂಬುದು ನನ್ನ ಆಸೆ.

ನೆರಳು ಅಂದೆ, ಬಣ್ಣ ಅನ್ನಲಿಲ್ಲ. ಉಗಿ ಎಂಜಿನ್ನಿನ ಮೂತಿಯಲ್ಲಿರುವ ಹೊಗೆಪೆಟ್ಟಿಗೆಯ ಬಾಗಿಲು ತೆರೆದು ನೋಡಿ. ತಳದಲ್ಲಿ ಹಳೆಯ ಬೂದಿ ಗಟ್ಟಿಯಾಗಿ ಕೂತಿರುತ್ತದೆ. ಕಲ್ಲಿದ್ದಲಿನ ಗಂಧಕ ಅದರೊಳಗೇ ಇದೆ. ಚಿಮಣಿಯಿಂದ ಮಳೆನೀರು ಬಿದ್ದರೆ ಅದೇ ಆಮ್ಲವಾಗಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಕಪ್ಪು ಬಣ್ಣ ಥಳಥಳ ಹೊಳೆಯುತ್ತಿರುತ್ತದೆ, ಬೆರಳಿನಲ್ಲಿ ಒತ್ತಿದರೆ ತಗಡು ಪುಡಿಪುಡಿ. ಬೂದಿ ಕೆರೆದು ತೆಗೆಯಬೇಕು, ಚಿಮಣಿಗೆ ಮುಚ್ಚಳ ಹಾಕಬೇಕು. ಬಾಯ್ಲರಿನ ಹೊದಿಕೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಳೆಯದರಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಅದನ್ನು ತಿಳಿದವರೇ ಬಿಚ್ಚಬೇಕು. ಗಾಲಿಗಳನ್ನು ಸಿಮೆಂಟಿನಲ್ಲಿ ಹೂತು ಕಟ್ಟೆಯ ಮೇಲೆ ನಿಲ್ಲಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಅಲ್ಲಿ ನಿಂತ ನೀರು ಎಲ್ಲಿಗೆ ಹೋಗಬೇಕು?

ಇಲ್ಲಿನ ಗಾಳಿಯೂ ಸಾಮಾನ್ಯದ್ದಲ್ಲ. ಅದಿರಿನ ಕೆಂಧೂಳು ಗ್ರೀಸಿಗೆ ಅಂಟಿ ಮರಳುಕಾಗದದಂತಾಗುತ್ತದೆ. ಶೆಡ್ಡಿಗೆ ಗಾಳಿ ಬೀಸುವ ಕಡೆ ಗೋಡೆ ಇರಲಿ, ಉಳಿದ ಕಡೆ ತೆರೆದಿರಲಿ.

ಆಯುಧಪೂಜೆಗೆ ಎಂಜಿನ್ನಿಗೆ ಹೂಮಾಲೆ ಹಾಕಿ ಕುಂಬಳಕಾಯಿ ಒಡೆಯುತ್ತೇವಲ್ಲ, ಅದೇ ದಿನ ಆಕ್ಸಲ್ ಬಾಕ್ಸಿನ ಮುಚ್ಚಳವನ್ನೂ ತೆಗೆಯಬೇಕು. ಒಣಗಿದ ಉಣ್ಣೆಯ ಪ್ಯಾಡಿಗೆ ಎಣ್ಣೆ ಹೊಯ್ದು, ನಾಲ್ಕು ಜನ ಹಾರೆ ಮೀಟಿ, ಗಾಲಿಯನ್ನು ಅರ್ಧ ಸುತ್ತು ಮುಂದಕ್ಕೆ ಉರುಳಿಸಬೇಕು.